ಬಂಡೆ ಕೊರೆಯುವ ಯಂತ್ರದ ನಡುಗೊಳವೆ: ಗಾಳಿಯೋ, ನೀರೋ?

2021ರ ಜನವರಿಯಲ್ಲಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ, ಅದಾದ ಒಂದು ತಿಂಗಳಿಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಸ್ಫೋಟಕಗಳು ಸಿಡಿದು ಕಾರ್ಮಿಕರು ಪ್ರಾಣ ಕಳೆದುಕೊಂಡಾಗ ಕಲ್ಲು ಕ್ವಾರಿಗಳ ಸುರಕ್ಷತೆ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಜಿಲೆಟಿನ್ ಕಡ್ಡಿಗಳು ಎಲ್ಲಿಂದ ಬಂದವು, ಯಾರ ಪರವಾನಗಿಯಲ್ಲಿ ಬಂದವು, ಅಕ್ರಮಕ್ಕೆ ಯಾರ ಆಶ್ರಯವಿತ್ತು ಎಂಬ ಪ್ರಶ್ನೆಗಳು ವಿಧಾನಸಭೆಯಿಂದ ಹಳ್ಳಿಯ ಕಟ್ಟೆಯವರೆಗೆ ಕೇಳಿಬಂದವು. ಅವು ಕೇಳಬೇಕಾದ ಪ್ರಶ್ನೆಗಳೇ. ಆದರೆ ಜಿಲೆಟಿನ್ ತುಂಬುವ ಮೊದಲು ಬಂಡೆಯಲ್ಲಿ ಕುಳಿ ಕೊರೆಯಬೇಕು. ಆ ಕುಳಿಯನ್ನು ಕೊರೆಯುವ ಕೆಲಸಗಾರನ ಸಾವಿಗೆ ಸದ್ದಿಲ್ಲ, ಹೊಗೆಯಿಲ್ಲ, ಪ್ರಥಮ ವರ್ತಮಾನ ವರದಿಯೂ ಇಲ್ಲ. ಅದು ಹತ್ತು, ಹದಿನೈದು, ಇಪ್ಪತ್ತು ವರ್ಷಗಳ ನಂತರ, ಕ್ವಾರಿಯಿಂದ ದೂರದ ಯಾವುದೋ ಊರಿನಲ್ಲಿ, ಕೆಮ್ಮು ಮತ್ತು ಏದುಸಿರಿನ ರೂಪದಲ್ಲಿ ಬರುತ್ತದೆ.

ಈ ಸಾವಿನ ಹೆಸರು ಸಿಲಿಕೋಸಿಸ್. ಇದರ ಕಾರಣವನ್ನು ಸಾಮಾನ್ಯವಾಗಿ ‘ಧೂಳು’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾಗುತ್ತದೆ. ಧೂಳು ಕಲ್ಲಿನ ಸ್ವಭಾವವೆಂದೂ, ಕಲ್ಲಿನ ಕೆಲಸಕ್ಕೆ ಬಂದವರು ಅದನ್ನು ಸಹಿಸಲೇಬೇಕೆಂದೂ ಬಹುತೇಕರು ನಂಬಿದ್ದಾರೆ. ಆದರೆ ಕೊರೆಯುವ ಯಂತ್ರದ ರಚನೆಯನ್ನು ಒಮ್ಮೆ ಬಿಡಿಸಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಕೆಲಸಗಾರನ ಶ್ವಾಸಕೋಶ ಸೇರುವ ಧೂಳಿನ ಪ್ರಮಾಣವನ್ನು ಕಲ್ಲಿನಷ್ಟೇ ಯಂತ್ರದ ರಚನೆಯೂ ನಿರ್ಧರಿಸುತ್ತದೆ.

ಯಂತ್ರ ನಡೆಯುವ ಬಗೆ

ಕ್ವಾರಿಗಳಲ್ಲಿ ‘ಜಾಕ್‌ಹ್ಯಾಮರ್’ ಎಂದು ಕರೆಯುವ ಯಂತ್ರದ ತೂಕ ಸುಮಾರು 20ರಿಂದ 25 ಕಿಲೋ. ಕಂಪ್ರೆಸರ್‌ನಿಂದ ರಬ್ಬರ್ ಕೊಳವೆಯ ಮೂಲಕ ಬರುವ ಒತ್ತಡದ ಗಾಳಿಯೇ ಅದರ ಶಕ್ತಿ. ಯಂತ್ರದೊಳಗಿನ ಕವಾಟವು ಈ ಗಾಳಿಯನ್ನು ಪಿಸ್ಟನ್ನಿನ ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಹರಿಸುತ್ತದೆ. ಪಿಸ್ಟನ್ ಕೆಳಗಿಳಿದಾಗ ಉಕ್ಕಿನ ರಾಡ್‌ನ ತಲೆಗೆ ಹೊಡೆಯುತ್ತದೆ. ಮೇಲೇರುವಾಗ ಸುರುಳಿ ಗೆರೆಗಳುಳ್ಳ ಒಂದು ದಂಡದ ಗುಂಟ ತಿರುಗುತ್ತಾ ರಾಡನ್ನೂ ಸ್ವಲ್ಪ ತಿರುಗಿಸುತ್ತದೆ. ಹೀಗೆ ಪ್ರತಿ ಹೊಡೆತವೂ ಬಂಡೆಯ ಹೊಸ ಜಾಗಕ್ಕೆ ಬೀಳುತ್ತದೆ. ನಿಮಿಷಕ್ಕೆ ಸುಮಾರು ಎರಡು ಸಾವಿರ ಹೊಡೆತಗಳು. ಕೈಯಲ್ಲಿ ಉಳಿ ಹಿಡಿದು, ಸುತ್ತಿಗೆಯಿಂದ ಒಂದು ಏಟು ಹಾಕಿ, ಉಳಿಯನ್ನು ತುಸು ತಿರುಗಿಸಿ ಮತ್ತೊಂದು ಏಟು ಹಾಕುತ್ತಿದ್ದ ಕಲ್ಲುಕುಟಿಗನ ಕ್ರಮವೇ ಇದು. ಕೈಗಳ ಜಾಗಕ್ಕೆ ಗಾಳಿ ಬಂದಿದೆ, ವೇಗ ಹಲವು ಪಟ್ಟು ಹೆಚ್ಚಿದೆ.

ಬಂಡೆ ಹುಡಿಯಾದರೆ ಸಾಲದು, ಹುಡಿ ಕುಳಿಯಿಂದ ಹೊರಬರಬೇಕು. ಇಲ್ಲವಾದರೆ ರಾಡ್ ಸಿಕ್ಕಿಕೊಳ್ಳುತ್ತದೆ. ಇದಕ್ಕಾಗಿ ರಾಡ್‌ನ ಉದ್ದಕ್ಕೂ ಟೊಳ್ಳು ಬಿಡಲಾಗಿದೆ. ಯಂತ್ರದ ನೆತ್ತಿಯಿಂದ ಪಿಸ್ಟನ್ನಿನ ನಡುವೆ ಹಾದು ಬರುವ ತೆಳುವಾದ ಕೊಳವೆಯೊಂದು ಈ ಟೊಳ್ಳಿಗೆ ಕೂಡಿಕೊಳ್ಳುತ್ತದೆ. ಇಡೀ ಪ್ರಶ್ನೆ ಇರುವುದು ಇಲ್ಲಿಯೇ. ಆ ಕೊಳವೆಯಲ್ಲಿ ಗಾಳಿಯನ್ನು ಹರಿಸಿದರೆ ಹುಡಿಯು ಒಣಗಿದ ಮೋಡವಾಗಿ ಕುಳಿಯ ಬಾಯಿಂದ ಚಿಮ್ಮಿ, ಅದರ ಮೇಲೆಯೇ ಬಾಗಿ ನಿಂತಿರುವ ಕೆಲಸಗಾರನ ಮುಖಕ್ಕೆ ಏರುತ್ತದೆ. ನೀರನ್ನು ಹರಿಸಿದರೆ ಅದೇ ಹುಡಿ ಕೆಸರಾಗಿ ನೆಲಕ್ಕೆ ಹರಿಯುತ್ತದೆ. ಯಂತ್ರ ಒಂದೇ, ದಾರಿಯೂ ಒಂದೇ. ಅದರಲ್ಲಿ ಹರಿಯುವುದು ಯಾವುದೆಂಬುದಷ್ಟೇ ವ್ಯತ್ಯಾಸ.

ಶತಮಾನದ ಹಿಂದೆಯೇ ದೊರೆತ ಉತ್ತರ

ಯಂತ್ರದಿಂದ ಬಂಡೆ ಕೊರೆಯುವ ಪ್ರಯತ್ನ 19ನೇ ಶತಮಾನದ ಮಧ್ಯಭಾಗದ್ದು. ಆಲ್ಪ್ಸ್ ಪರ್ವತದ ಮಾಂಟ್ ಸೆನಿಸ್ ಸುರಂಗದಲ್ಲಿ 1861ರಿಂದ ಒತ್ತಡದ ಗಾಳಿಯ ಯಂತ್ರಗಳು ಕೆಲಸ ಮಾಡಿದವು. 1871ರಲ್ಲಿ ಆ ಸುರಂಗ ಸಂಚಾರಕ್ಕೆ ತೆರೆಯಿತು. ಅಂದಿನ ಯಂತ್ರಗಳಲ್ಲಿ ಉಕ್ಕಿನ ರಾಡ್ ಪಿಸ್ಟನ್ನಿಗೇ ಬಿಗಿದಿರುತ್ತಿತ್ತು. ಎರಡೂ ಒಟ್ಟಿಗೆ ಹಿಂದೆ ಮುಂದೆ ಚಲಿಸುತ್ತಿದ್ದವು. ಅಮೆರಿಕದ ಕೊಲೊರಾಡೊದ ಜಾನ್ ಜಾರ್ಜ್ ಲೇನರ್ 1890ರ ದಶಕದ ಕೊನೆಯಲ್ಲಿ ಈ ರಚನೆಯನ್ನೇ ಬದಲಿಸಿದರು. ಪಿಸ್ಟನ್ ಸುತ್ತಿಗೆಯಂತೆ ಬೇರೆಯಾಯಿತು, ರಾಡ್ ಬಂಡೆಗೆ ತಾಗಿಯೇ ಉಳಿಯಿತು. ಟೊಳ್ಳು ರಾಡ್‌ನ ಮೂಲಕ ಗಾಳಿ ಊದಿ ಹುಡಿ ಹೊರದೂಡುವ ಉಪಾಯವನ್ನೂ ಅವರು ಸೇರಿಸಿದರು. ಯಂತ್ರ ವೇಗವಾಗಿ ಕೊರೆಯಿತು, ಆದರೆ ಎಬ್ಬಿಸಿದ ಧೂಳನ್ನು ತಾಳಲಾರದೆ ಗಣಿ ಕಾರ್ಮಿಕರು ಅದನ್ನು ಮುಟ್ಟಲು ನಿರಾಕರಿಸಿದರು. ಮಾರಿದ ಯಂತ್ರಗಳನ್ನು ಲೇನರ್ ಹಿಂದಕ್ಕೆ ಪಡೆದು, ಅದೇ ಟೊಳ್ಳಿನಲ್ಲಿ ನೀರು ಹರಿಯುವಂತೆ ತಿದ್ದಿದರು.

ಧೂಳೆಬ್ಬಿಸುವ ಒಣ ಯಂತ್ರಗಳಿಗೆ ಅಮೆರಿಕದ ಗಣಿಗಳಲ್ಲಿ ‘ವಿಧವೆಯರನ್ನು ಮಾಡುವ ಯಂತ್ರ’ ಎಂಬ ಅಡ್ಡಹೆಸರೇ ಇತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಯಂತ್ರದಿಂದ ಕೊರೆದು ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಮರಳಿದ ಗಣಿಗಾರರು ಚಿಕ್ಕ ವಯಸ್ಸಿನಲ್ಲೇ ಸಾಯುತ್ತಿದ್ದುದನ್ನು ವಿಜ್ಞಾನಿ ಜಾನ್ ಹಾಲ್ಡೇನ್ 20ನೇ ಶತಮಾನದ ಆರಂಭದಲ್ಲಿಯೇ ಗುರುತಿಸಿ, ಕಲ್ಲಿನ ಧೂಳಿನತ್ತ ಬೊಟ್ಟು ಮಾಡಿದ್ದರು. ಅಂದರೆ ರೋಗದ ಕಾರಣವೂ ಅದಕ್ಕೆ ಯಾಂತ್ರಿಕ ಪರಿಹಾರವೂ ಏಕಕಾಲಕ್ಕೆ ಜಗತ್ತಿಗೆ ತಿಳಿದಿದ್ದವು. ತಿಳಿವಳಿಕೆಯೊಂದೇ ಜೀವ ಉಳಿಸುವುದಿಲ್ಲ ಎಂಬುದಕ್ಕೆ ಮುಂದಿನ ದುರಂತ ಸಾಕ್ಷಿಯಾಯಿತು. ಅಮೆರಿಕದ ವೆಸ್ಟ್ ವರ್ಜೀನಿಯಾದ ಹಾಕ್ಸ್ ನೆಸ್ಟ್ ಸುರಂಗವನ್ನು 1930-31ರಲ್ಲಿ ಸಿಲಿಕಾ ತುಂಬಿದ ಬಂಡೆಯ ಮೂಲಕ ಬಹುಮಟ್ಟಿಗೆ ಒಣದಾಗಿಯೇ ಕೊರೆಯಲಾಯಿತು. ನೂರಾರು ಕಾರ್ಮಿಕರು ಸತ್ತರು. ಅವರಲ್ಲಿ ಬಹುಪಾಲು ಕೆಲಸ ಅರಸಿ ಬಂದ ಕಪ್ಪು ಜನಾಂಗದ ವಲಸಿಗರು. 1936ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ನೀರಿನ ಯಂತ್ರ ಅಷ್ಟರಲ್ಲಿ ಮೂರು ದಶಕಗಳಷ್ಟು ಹಳೆಯದಾಗಿತ್ತು. ಕೊರತೆಯಿದ್ದದ್ದು ಜ್ಞಾನಕ್ಕಲ್ಲ.

ಕೋಲಾರ ಕಲಿಸಿದ ಪಾಠ

ಕರ್ನಾಟಕಕ್ಕೆ ಈ ಕಥೆ ಪರದೇಶದ್ದಲ್ಲ. 1880ರಿಂದ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರ್‌ಗೂ ಮಿಗಿಲಾದ ಆಳಕ್ಕೆ ಇಳಿದಿತ್ತು. ಅಲ್ಲಿ ಚಿನ್ನವಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲೆಂದರೆ ಬಹುತೇಕ ಶುದ್ಧ ಸಿಲಿಕಾ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ದಾಖಲಾದ ಕಡೆಗಳಲ್ಲಿ ಕೋಲಾರ ಪ್ರಮುಖವಾದುದು. ಮೈಸೂರು ಸಂಸ್ಥಾನ 1940ರಲ್ಲಿ ಇದಕ್ಕಾಗಿಯೇ ನಿಯಮಾವಳಿ ರೂಪಿಸಿತು. ಆ ದಶಕದಲ್ಲಿ ಸಾವಿರಾರು ಗಣಿ ಕಾರ್ಮಿಕರನ್ನು ತಪಾಸಣೆಗೆ ಒಳಪಡಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡುಬಂತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು.

ಕೋಲಾರದಲ್ಲಿ ಕನಿಷ್ಠ ಒಂದು ಅನುಕೂಲವಿತ್ತು. ಒಂದೇ ಆಡಳಿತ, ಒಂದೇ ಆಸ್ಪತ್ರೆ, ತಲೆಮಾರುಗಳ ಕಾಲ ಅಲ್ಲಿಯೇ ನೆಲೆಸಿದ ಕಾರ್ಮಿಕರು. ಆದ್ದರಿಂದಲೇ ರೋಗವನ್ನು ಎಣಿಸಲು ಸಾಧ್ಯವಾಯಿತು. ಇಂದಿನ ಚಿತ್ರ ಬೇರೆ. ಇಳಕಲ್ಲಿನ ಕೆಂಪು ಗ್ರಾನೈಟ್, ಕನಕಪುರ ಸೀಮೆಯ ಬಣ್ಣದ ಕಲ್ಲು, ಊರೂರಿನ ಜಲ್ಲಿ ಕ್ವಾರಿಗಳು ಇವೆಲ್ಲ ನೂರಾರು ಸಣ್ಣ ಗುತ್ತಿಗೆಗಳಾಗಿ ಹರಡಿವೆ. ಕೊರೆಯುವವನು ಮೇಸ್ತ್ರಿಯ ಮೂಲಕ ಬಂದವನು. ಈ ವರ್ಷ ಒಂದು ಕ್ವಾರಿ, ಮುಂದಿನ ವರ್ಷ ಮತ್ತೊಂದು ಜಿಲ್ಲೆ. ಕೂಲಿ ಹಲವೆಡೆ ದಿನದ ಲೆಕ್ಕದಲ್ಲಲ್ಲ, ಕೊರೆದ ಅಡಿಯ ಲೆಕ್ಕದಲ್ಲಿ. ಅವನಿಗೆ ಕೆಮ್ಮು ಶುರುವಾಗುವ ಹೊತ್ತಿಗೆ ಯಾವ ಮಾಲೀಕನ ದಾಖಲೆಯಲ್ಲೂ ಅವನ ಹೆಸರಿರುವುದಿಲ್ಲ. ಎದೆಯ ಎಕ್ಸ್-ರೇ ನೋಡಿದಾಗ ಕ್ಷಯವೆಂದು ತೀರ್ಮಾನಿಸಿ ಮಾತ್ರೆ ಕೊಡುವುದೂ ಉಂಟು. ಸಿಲಿಕಾ ತುಂಬಿದ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ಅಂಟುವುದರಿಂದ ಗೊಂದಲ ಇನ್ನಷ್ಟು ಬಿಗಿಯಾಗುತ್ತದೆ. ಕ್ಷಯಕ್ಕೆ ಔಷಧವಿದೆ. ಸಿಲಿಕೋಸಿಸ್‌ಗೆ ಇಲ್ಲ. ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು ಶ್ವಾಸಕೋಶದ ಆಳದಲ್ಲಿ ಉಳಿಸಿದ ಗಾಯ ಮಾಯುವುದಿಲ್ಲ. ಕೆಲಸ ಬಿಟ್ಟ ಮೇಲೂ ಅದು ಹಬ್ಬುತ್ತ ಹೋಗಬಹುದು.

ನೀರು ಯಾರಿಗೆ?

ತೆರೆದ ಬಯಲಿನ ಕ್ವಾರಿಯಲ್ಲಿ ಗಾಳಿಯೇ ಧೂಳನ್ನು ಒಯ್ಯುತ್ತದೆ, ನೆಲದಾಳದ ಗಣಿಯ ಅಪಾಯ ಇಲ್ಲಿಲ್ಲ ಎಂಬುದು ಮಾಲೀಕರ ವಾದ. ಗಾಳಿ ಧೂಳನ್ನು ಒಯ್ಯುವುದು ನಿಜ. ಆದರೆ ಅದಕ್ಕೆ ಮೊದಲು ಧೂಳು ಹಾದುಹೋಗುವುದು ಕುಳಿಯಿಂದ ಎರಡು ಮೂರು ಅಡಿ ಅಂತರದಲ್ಲಿರುವ ಮೂಗಿನ ಮುಂದೆ. ಎರಡನೆಯ ವಾದ ನೀರಿನ ಅಭಾವದ್ದು. ಇಳಕಲ್ಲಿನಂಥ ಒಣ ಸೀಮೆಯಲ್ಲಿ ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಲೆಕ್ಕ ಹಾಕಿ ನೋಡಬಹುದು. ಒಂದು ಯಂತ್ರಕ್ಕೆ ಬೇಕಾದುದು ನಿಮಿಷಕ್ಕೆ ಕೆಲವೇ ಲೀಟರ್. ಮೂರು ಲೀಟರ್ ಎಂದಿಟ್ಟುಕೊಂಡು, ದಿನಕ್ಕೆ ನಾಲ್ಕು ಗಂಟೆ ಯಂತ್ರ ನಿಜವಾಗಿ ಓಡುತ್ತದೆ ಎಂದುಕೊಂಡರೆ 720 ಲೀಟರ್ ಆಗುತ್ತದೆ. ಮನೆಯ ಮೇಲಿನ ಒಂದು ತೊಟ್ಟಿಯಷ್ಟು. ಗ್ರಾನೈಟ್ ಕ್ವಾರಿಗಳಲ್ಲಿ ಬೃಹತ್ ದಿಮ್ಮಿಗಳನ್ನು ಕತ್ತರಿಸುವ ವಜ್ರದ ತಂತಿಗರಗಸಕ್ಕೆ ನೀರು ಬಿಡುತ್ತಲೇ ಇರಬೇಕು. ಬಿಡದಿದ್ದರೆ ತಂತಿ ಕಾದು ಹಾಳಾಗುತ್ತದೆ. ಹೊಳಪು ಹಾಕುವ ಘಟಕದಲ್ಲಿಯೂ ನೀರು ಹರಿಯುತ್ತದೆ. ತಂತಿಗೆ ಸಿಗುವ ನೀರು ಕೊರೆಯುವ ಯಂತ್ರಕ್ಕೆ ಸಿಗದಿದ್ದರೆ ಅದನ್ನು ಬರಗಾಲದ ಲೆಕ್ಕಕ್ಕೆ ಮಾತ್ರ ಬರೆಯಲಾಗದು. ತಂತಿ ಹಾಳಾದರೆ ನಷ್ಟ ಮಾಲೀಕನದು, ಶ್ವಾಸಕೋಶ ಹಾಳಾದರೆ ನಷ್ಟ ಕೆಲಸಗಾರನದು.

ಕೊರೆಯುವವರಿಗೂ ನೀರಿನ ಯಂತ್ರದ ಮೇಲೆ ಮುನಿಸಿದೆ. ಇನ್ನೊಂದು ಕೊಳವೆ ಎಳೆದಾಡಬೇಕು, ಬಟ್ಟೆ ಒದ್ದೆಯಾಗುತ್ತದೆ, ಕಾಲಡಿ ಕೆಸರು ಜಾರುತ್ತದೆ. ಅಡಿಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಪ್ರತಿ ನಿಮಿಷವೂ ಹಣ. ಕೂಲಿಯ ಕ್ರಮ ಬದಲಾಗದೆ ಯಂತ್ರವನ್ನಷ್ಟೇ ಬದಲಿಸಿದರೆ ನೀರಿನ ನಲ್ಲಿ ಮುಚ್ಚಿಯೇ ಇರುತ್ತದೆ. ನೀರೊಂದೇ ಸರ್ವರೋಗ ನಿವಾರಕವೂ ಅಲ್ಲ. ಕುಳಿಯ ಆರಂಭದ ಕೆಲವು ಅಂಗುಲಗಳಲ್ಲಿ, ನೀರು ಬಿಡುವ ಮೊದಲೇ ಕೊರೆಯತೊಡಗಿದರೆ, ಧೂಳು ಏಳುತ್ತದೆ. ಕ್ರಷರ್‌ನ ಧೂಳು ಬೇರೆಯೇ ಸಮಸ್ಯೆ. ಆದರೂ ರಾಡ್‌ನ ಮೂಲಕ ನೀರು ಹಾಯಿಸಿದಾಗ ಕೊರೆಯುವ ಧೂಳಿನ ಬಹುಪಾಲು ಅಡಗುತ್ತದೆ ಎಂಬುದು ದಶಕಗಳ ಹಿಂದಿನ ಅಳತೆಗಳಿಂದಲೇ ಸ್ಥಾಪಿತವಾದ ಸಂಗತಿ. ಮುಖಕ್ಕೆ ಕಟ್ಟುವ ಬಟ್ಟೆಯಿಂದ ಇದು ಸಾಧ್ಯವಿಲ್ಲ. ಬಟ್ಟೆ ತಡೆಯುವುದು ಕಣ್ಣಿಗೆ ಕಾಣುವ ಧೂಳನ್ನು. ಕೊಲ್ಲುವುದು ಕಾಣದ ಧೂಳು.

ಕಾನೂನು ನಿಂತಿರುವ ಜಾಗ

ಕಾನೂನು ಇಲ್ಲವೆಂದಲ್ಲ. ಸಿಲಿಕೋಸಿಸ್ ಬಹುಕಾಲದಿಂದ ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ವೃತ್ತಿರೋಗ, ಪರಿಹಾರಕ್ಕೂ ಅರ್ಹ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2011ರಲ್ಲಿ ಈ ಕುರಿತು ಸಂಸತ್ತಿಗೆ ವಿಶೇಷ ವರದಿಯನ್ನೇ ಸಲ್ಲಿಸಿತು. ರಾಜಸ್ಥಾನ ಸರ್ಕಾರ 2019ರಲ್ಲಿ ಪ್ರತ್ಯೇಕ ನೀತಿ ರೂಪಿಸಿ, ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ಸಾವಿನ ನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ನೀಡುವ ವ್ಯವಸ್ಥೆ ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ ಸಂಹಿತೆಯು ಗಣಿ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ ಮತ್ತು ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯ ಭರವಸೆ ನೀಡಿದೆ.

ಇವೆಲ್ಲವೂ ಬೇಕಾದವೇ. ಆದರೆ ತಪಾಸಣೆ ರೋಗವನ್ನು ಪತ್ತೆ ಮಾಡುತ್ತದೆ, ಪರಿಹಾರ ರೋಗಿಯ ಕಣ್ಣೀರು ಒರೆಸುತ್ತದೆ. ಎರಡೂ ರೋಗ ಬಂದ ನಂತರದ ಮಾತು. ಧೂಳಿನ ಮಿತಿಯಲ್ಲಿಯೂ ಔದಾರ್ಯವಿದೆ. ಉಸಿರಿಗೆ ಸೇರುವ ಧೂಳಿನಲ್ಲಿ ಸಿಲಿಕಾದ ಶೇಕಡಾವಾರು ಎಷ್ಟಿದೆಯೋ ಆ ಸಂಖ್ಯೆಯಿಂದ 15ನ್ನು ಭಾಗಿಸಿ ಮಿತಿ ಕಂಡುಕೊಳ್ಳುವ ಸೂತ್ರ ನಮ್ಮ ಗಣಿ ನಿಯಮಗಳಲ್ಲಿ ಬಹುಕಾಲದಿಂದ ಬಂದಿದೆ. ಶೇಕಡಾ 30ರಷ್ಟು ಸಿಲಿಕಾ ಇರುವ ಧೂಳಿಗೆ ಇದರ ಪ್ರಕಾರ ಘನ ಮೀಟರಿಗೆ ಅರ್ಧ ಮಿಲಿಗ್ರಾಂ, ಅಂದರೆ ಅದರೊಳಗಿನ ಸಿಲಿಕಾ 150 ಮೈಕ್ರೋಗ್ರಾಂ. ಅಮೆರಿಕ 2016ರಲ್ಲಿ ಕೈಗಾರಿಕೆ ಮತ್ತು ನಿರ್ಮಾಣ ಕಾರ್ಮಿಕರಿಗೆ ನಿಗದಿ ಮಾಡಿದ ಮಿತಿ 50 ಮೈಕ್ರೋಗ್ರಾಂ. ಮೂರು ಪಟ್ಟು ಸಡಿಲವಾದ ಈ ಮಿತಿಯನ್ನಾದರೂ ಬಯಲು ಕ್ವಾರಿಯಲ್ಲಿ ದಿನವೂ ಅಳೆಯುವವರು ಯಾರು?

ಅಳತೆಯ ಉಪಕರಣ, ಪ್ರಯೋಗಾಲಯ, ತಜ್ಞರು ಇಲ್ಲದ ಕಡೆ ಕಣ್ಣಿಗೆ ಕಾಣುವ ನಿಯಮವೇ ಪರಿಣಾಮಕಾರಿ. ಯಂತ್ರಕ್ಕೆ ನೀರಿನ ಕೊಳವೆ ಜೋಡಿಸಿದೆಯೇ ಇಲ್ಲವೇ, ಕುಳಿಯಿಂದ ಕೆಸರು ಬರುತ್ತಿದೆಯೇ ಧೂಳು ಬರುತ್ತಿದೆಯೇ ಎಂಬುದನ್ನು ರಸ್ತೆಯಲ್ಲಿ ಹೋಗುವವನೂ ಹೇಳಬಲ್ಲ. ಕಲ್ಲು ಕ್ವಾರಿಗಳ ಗುತ್ತಿಗೆ ನೀಡುವುದು, ನವೀಕರಿಸುವುದು, ರಾಜಧನ ಪಡೆಯುವುದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ. ಕಾರ್ಮಿಕರ ಸುರಕ್ಷತೆ ನೋಡುವುದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಈ ಎರಡರ ನಡುವೆ ಕೊರೆಯುವವನು ಯಾರ ಹೊಣೆಯೂ ಆಗದೆ ಉಳಿದಿದ್ದಾನೆ. ನೀರಿನ ವ್ಯವಸ್ಥೆ ಅಥವಾ ಧೂಳು ಹೀರುವ ಸಾಧನವಿಲ್ಲದ ಕ್ವಾರಿಗೆ ಗುತ್ತಿಗೆ ನವೀಕರಣವಿಲ್ಲ ಎಂಬ ಒಂದು ಷರತ್ತು ರಾಜ್ಯದ ಕೈಯಲ್ಲಿಯೇ ಇದೆ. ಅದರ ಜೊತೆಗೆ, ಕ್ವಾರಿಯಿಂದ ಕ್ವಾರಿಗೆ ಕಾರ್ಮಿಕನೊಂದಿಗೇ ಸಾಗುವ ಆರೋಗ್ಯ ದಾಖಲೆಯೊಂದಿದ್ದರೆ ರೋಗ ಬಂದಾಗ ಹೊಣೆ ಹೊರಬೇಕಾದವರು ಯಾರೆಂಬುದೂ ತಿಳಿಯುತ್ತದೆ.

ಹುಣಸೋಡು ಮತ್ತು ಹಿರೇನಾಗವಲ್ಲಿಯ ಸ್ಫೋಟಗಳಿಗೆ ಕಾರಣ ಹುಡುಕಲು ತನಿಖೆ ಬೇಕಾಯಿತು. ಕೊರೆಯುವವನ ಸಾವಿಗೆ ಕಾರಣ ಹುಡುಕಬೇಕಾಗಿಲ್ಲ. ಅದು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಗೊತ್ತಿದೆ, ಪರಿಹಾರವೂ ಗೊತ್ತಿದೆ. ಆ ತೆಳುವಾದ ನಡುಗೊಳವೆಗೆ ನೀರು ಬಿಡಿಸುವ ಹೊಣೆ ಯಾರದು ಎಂಬುದನ್ನು ಸರ್ಕಾರ ಇನ್ನಾದರೂ ನಿಚ್ಚಳವಾಗಿ ಹೇಳಬೇಕಿದೆ.