ಬುತ್ತಿ ಕಟ್ಟುವವಳಿಗೆ ರಜೆ ಯಾವಾಗ?

ಬೆಳಗಿನ ಐದು ಗಂಟೆ. ಹೊರಗೆ ಆಗಲೇ ಬೆಳಕು ಹರಿದಿತ್ತು. ಇಂಗ್ಲೆಂಡಿನ ಮೇ ತಿಂಗಳಿನಲ್ಲಿ ಸೂರ್ಯನಿಗೂ ನಿದ್ದೆ ಕಡಿಮೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿ ಎದ್ದು ಹೋದೆ. ಮಗಳು ಚಪಾತಿ ಲಟ್ಟಿಸುತ್ತಿದ್ದಳು. ಒಂದು ಒಲೆಯ ಮೇಲೆ ಚಿತ್ರಾನ್ನದ ಒಗ್ಗರಣೆ, ಇನ್ನೊಂದರ ಮೇಲೆ ಆಲೂಗೆಡ್ಡೆ ಪಲ್ಯ. ಮೇಜಿನ ಮೇಲೆ ಸಾಲಾಗಿ ಡಬ್ಬಿಗಳು, ನೀರಿನ ಬಾಟಲಿಗಳು, ಮಕ್ಕಳ ಮಳೆಯಂಗಿ, ಬದಲಿ ಕಾಲುಚೀಲ, ಜ್ವರದ ಔಷಧಿ. "ಏನೇ ಇದು, ಇಷ್ಟು ಬೇಗ?" ಎಂದೆ. "ಇವತ್ತು ರಜಾ ಅಲ್ವೇನಮ್ಮಾ, ಎಲ್ಲರೂ ಹೊರಗೆ ಹೋಗ್ತಾ ಇದೀವಲ್ಲ" ಎಂದಳು.

ಮಗಳು ಆಸ್ಪತ್ರೆಯೊಂದರಲ್ಲಿ ದುಡಿಯುವವಳು. ವಾರದ ದಿನಗಳಲ್ಲಿ ಅವಳು ಏಳುವುದು ಆರೂವರೆಗೆ. ರಜೆಯ ದಿನ ಐದಕ್ಕೇ ಎದ್ದಿದ್ದಾಳೆ. ಇದಕ್ಕೆ ರಜೆ ಎಂದು ಹೆಸರಿಟ್ಟವರು ಯಾರು ಎಂಬ ಪ್ರಶ್ನೆ ಅಂದು ನನ್ನ ತಲೆಯಲ್ಲಿ ಹೊಕ್ಕಿತು. ಅಲ್ಲಿದ್ದ ಮೂರು ತಿಂಗಳೂ ಅದು ಹೊರಗೆ ಹೋಗಲಿಲ್ಲ.

ಮಗಳ ಮನೆ ಇರುವುದು ಯಾರ್ಕ್‌ಶೈರಿನ ಸ್ಕಿಪ್ಟನ್ ಎಂಬ ಸಂತೆಯ ಊರಿನಲ್ಲಿ. ಊರಿನ ಹೆಸರಿನ ಅರ್ಥವೇ ಕುರಿಗಳ ಊರು. 1204ರಲ್ಲಿ ಕಿಂಗ್ ಜಾನ್ ಸಂತೆಗೆ ಸನ್ನದು ಕೊಟ್ಟನಂತೆ. ಇಂದಿಗೂ ವಾರಕ್ಕೆ ನಾಲ್ಕು ದಿನ ಮುಖ್ಯ ಬೀದಿಯ ಎರಡೂ ಬದಿ, ಅಂಗಡಿಗಳ ಮುಂದೆಯೇ, ಸಂತೆ ಕೂಡುತ್ತದೆ. ಬೀದಿಯ ಮೇಲ್ತುದಿಯಲ್ಲಿ ಕೋಟೆ, ಪಕ್ಕದಲ್ಲಿ ಇಗರ್ಜಿ, ಹಿಂದೆ ಕಾಲುವೆ. ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗೆ 127 ಮೈಲಿ ಹರಿಯುವ ಆ ಕಾಲುವೆಯ ದಂಡೆಯ ಮೇಲೆ ಕಾಸು ಕೊಡದೆ ಎಷ್ಟು ದೂರ ಬೇಕಾದರೂ ನಡೆಯಬಹುದು. ಕಾಲುವೆಯ ಪಕ್ಕದಲ್ಲೇ ಡ್ಯೂಹರ್ಸ್ಟ್ ಗಿರಣಿಯ ದೊಡ್ಡ ಕಟ್ಟಡ. ಹೊಲಿಗೆ ಬಲ್ಲ ಹಳಬರಿಗೆ 'ಸಿಲ್ಕೊ' ದಾರದ ಹೆಸರು ನೆನಪಿರಬಹುದು. ಅದು ತಯಾರಾಗುತ್ತಿದ್ದುದು ಅಲ್ಲಿ.

ಸುತ್ತಮುತ್ತ ನೋಡುವ ಜಾಗಗಳಿಗೆ ಕೊರತೆಯಿಲ್ಲ. ಕಾರಿನಲ್ಲಿ ಕಾಲು ಗಂಟೆ ಹೋದರೆ ಬೋಲ್ಟನ್ ಅಬಿ: ವಾರ್ಫ್ ನದಿಯ ದಂಡೆಯಲ್ಲಿ ಪಾಳುಬಿದ್ದ ಹಳೆಯ ಮಠ, ನದಿ ದಾಟಲು ನೀರಿನಲ್ಲಿ ಸಾಲಾಗಿ ನೆಟ್ಟ ಐವತ್ತಕ್ಕೂ ಹೆಚ್ಚು ಮೆಟ್ಟುಗಲ್ಲುಗಳು. ಪಕ್ಕದ ಎಂಬ್ಸೆಯಿಂದ ಅಲ್ಲಿಗೆ ಹಬೆಯ ರೈಲೂ ಓಡುತ್ತದೆ. ಇನ್ನೊಂದು ದಿಕ್ಕಿಗೆ ಮಾಲಮ್ ಎಂಬಲ್ಲಿ ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆ. ದಕ್ಷಿಣಕ್ಕೆ ಹೋದರೆ ಬ್ರಾಂಟೆ ಸೋದರಿಯರ ಹಾವರ್ತ್. ಎಲ್ಲ ಕಡೆಯೂ ಬಣ್ಣಬಣ್ಣದ ಕರಪತ್ರ. ಎಲ್ಲ ಕರಪತ್ರದಲ್ಲೂ ನಗುವ ಅಪ್ಪ, ನಗುವ ಅಮ್ಮ, ನಗುವ ಎರಡು ಮಕ್ಕಳು. 'ಇಡೀ ಕುಟುಂಬಕ್ಕೆ ಸಂತಸದ ದಿನ' ಎಂಬ ಅರ್ಥದ ಒಂದು ಸಾಲು. ಹಲವು ಕಡೆ ಕುಟುಂಬದ ಟಿಕೆಟ್ ಎಂದೇ ಬೇರೆ ಇರುತ್ತದೆ: ಇಬ್ಬರು ದೊಡ್ಡವರು, ಇಬ್ಬರೋ ಮೂವರೋ ಮಕ್ಕಳು. ಅಜ್ಜಿ ಕುಟುಂಬದಲ್ಲಿ ಸೇರುವುದಿಲ್ಲ, ಅವಳಿಗೆ ಬೇರೆ ಟಿಕೆಟ್. ಇರಲಿ, ಅಜ್ಜಿಯ ಜಗಳ ಆಮೇಲೆ ಮಾಡೋಣ.

ನನ್ನ ಜಗಳ ಆ ನಗುವ ಅಮ್ಮನ ಬಗ್ಗೆ. ಅವಳ ಕೈಯಲ್ಲಿ ಚೀಲವಿಲ್ಲ! ನಾನು ಸ್ಕಿಪ್ಟನ್ನಿನಲ್ಲಿ, ಬೋಲ್ಟನ್ ಅಬಿಯಲ್ಲಿ ಕಂಡ ಅಮ್ಮಂದಿರೆಲ್ಲರ ಹೆಗಲಲ್ಲೂ ಚೀಲವಿತ್ತು. ಬಿಳಿಯರು, ಬ್ರಾಡ್‌ಫರ್ಡಿನಿಂದ ಬಂದ ಪಾಕಿಸ್ತಾನಿ ಮನೆತನದವರು, ನಮ್ಮವರು, ಯಾರೂ ಇದಕ್ಕೆ ಹೊರತಲ್ಲ. ಹುಲ್ಲಿನ ಮೇಲೆ ಜಮಖಾನೆ ಹಾಸುವವಳು ಅವಳು. ಒಬ್ಬರ ಮನೆಯ ಡಬ್ಬಿಯಲ್ಲಿ ಸ್ಯಾಂಡ್‌ವಿಚ್, ಇನ್ನೊಬ್ಬರದರಲ್ಲಿ ಸಮೋಸ, ನಮ್ಮದರಲ್ಲಿ ಚಿತ್ರಾನ್ನ; ಡಬ್ಬಿ ತೆರೆಯುವ ಕೈ ಮಾತ್ರ ಎಲ್ಲ ಕಡೆ ಒಂದೇ. ಶೌಚಾಲಯ ಎಲ್ಲಿದೆ, ಮಗು ನೀರಿಗಿಳಿದರೆ ಬದಲಿ ಬಟ್ಟೆ ಯಾವ ಚೀಲದಲ್ಲಿದೆ, ಮಳೆ ಬಂದರೆ ಎಲ್ಲಿ ನಿಲ್ಲಬೇಕು, ಈ ಲೆಕ್ಕವೆಲ್ಲ ಅವಳ ತಲೆಯಲ್ಲೇ. ಮಕ್ಕಳು ಮೆಟ್ಟುಗಲ್ಲು ದಾಟುತ್ತಾರೆ, ಅಪ್ಪ ಫೋಟೋ ತೆಗೆಯುತ್ತಾನೆ, ಅಮ್ಮ ದಂಡೆಯಲ್ಲಿ ಚಪ್ಪಲಿ ಹಿಡಿದು ನಿಂತಿರುತ್ತಾಳೆ.

ರಜೆ ಎನ್ನುವುದು ಆಕಾಶದಿಂದ ಉದುರಿದ್ದಲ್ಲ. ಆ ದೇಶದಲ್ಲಿ ಅದಕ್ಕೊಂದು ಚರಿತ್ರೆಯಿದೆ. ನಾವು ಹೊರಟಿದ್ದ ಆ ಸೋಮವಾರವೇ 'ಬ್ಯಾಂಕ್ ಹಾಲಿಡೇ'. ಬ್ಯಾಂಕರೂ ಸಂಸದನೂ ಆಗಿದ್ದ ಜಾನ್ ಲಬಕ್ ಎಂಬಾತ 1871ರಲ್ಲಿ ತಂದ ಕಾನೂನಿನಿಂದ ಇಂಥ ರಜೆಗಳು ಹುಟ್ಟಿಕೊಂಡವು. ಗಿರಣಿ ಕೆಲಸಗಾರರಿಗೆ ಸಂಬಳ ಕತ್ತರಿಸದೆ ರಜೆ ಕೊಡುವುದಕ್ಕೆ 1938ರ ಕಾನೂನು ದಾರಿ ಮಾಡಿತು. ಬೆಟ್ಟಗಳ ಮೇಲೆ ನಡೆಯುವ ಹಕ್ಕೂ ಸುಮ್ಮನೆ ಸಿಗಲಿಲ್ಲ. ಜಮೀನ್ದಾರರು ಬೇಟೆಗೆಂದು ಬೇಲಿ ಹಾಕಿಕೊಂಡಿದ್ದ ಡರ್ಬಿಶೈರಿನ ಕಿಂಡರ್ ಸ್ಕೌಟ್ ಬೆಟ್ಟಕ್ಕೆ 1932ರಲ್ಲಿ ನೂರಾರು ದುಡಿಯುವ ಜನ ನುಗ್ಗಿದರು, ಕೆಲವರು ಜೈಲಿಗೂ ಹೋದರು. ಆಮೇಲೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾನೂನು ಬಂತು, 1954ರಲ್ಲಿ ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಇವತ್ತು ನನ್ನಂಥ ಪರದೇಶಿ ಮುದುಕಿಯೂ ರೈತನೊಬ್ಬನ ಹೊಲದ ನಡುವಿನ ಕಾಲುದಾರಿಯಲ್ಲಿ ಅವನ ಕುರಿಗಳನ್ನು ಮಾತನಾಡಿಸುತ್ತಾ ನಡೆದರೆ ಯಾರೂ ಗದರಿಸುವುದಿಲ್ಲ.

ಗುಮಾಸ್ತನಿಗೆ ರಜೆ ಬಂತು, ಗಿರಣಿಯವರಿಗೆ ರಜೆ ಬಂತು, ನಡೆಯುವವರಿಗೆ ಬೆಟ್ಟ ಬಂತು. ಅಡಿಗೆಮನೆಗೆ ರಜೆ ಕೊಟ್ಟ ಕಾನೂನು ಯಾವ ಇಸವಿಯದು? ಗಿರಣಿಯಲ್ಲಿ ದುಡಿದ ಹೆಂಗಸಿಗೆ ಗಿರಣಿ ರಜೆ ಕೊಟ್ಟಿತು, ಮನೆ ಕೊಡಲಿಲ್ಲ. ಗಂಡಸಿನ ರಜೆಯ ದಿನವೇ ಅವಳಿಗೆ ಹೆಚ್ಚಿನ ಕೆಲಸದ ದಿನವಾಯಿತು. ಬೇರೆಯವರ ರಜೆಯನ್ನು ಹೊತ್ತು ನಡೆಯುವ ಕೂಲಿ ಅವಳದು.

"ಅವನು ಕಾರು ಓಡಿಸುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ನನ್ನ ಬೀಗಿತ್ತಿಯೇ ಫೋನಿನಲ್ಲಿ ಕೇಳಿದರು. ಓಡಿಸುತ್ತಾನೆ, ನನ್ನ ಅಳಿಯ ಒಳ್ಳೆಯವನು. ಆದರೆ ಕಾರು ನಿಲ್ಲಿಸಿದ ಕೂಡಲೇ ಅವನ ಕೆಲಸ ಮುಗಿಯುತ್ತದೆ. ಅವಳದು ಅಲ್ಲಿಂದ ಶುರುವಾಗುತ್ತದೆ. ರಾತ್ರಿ ಮನೆಗೆ ಬಂದ ಮೇಲೆ ಕಾರನ್ನು ಯಾರೂ ತೊಳೆಯುವುದಿಲ್ಲ, ಡಬ್ಬಿಗಳನ್ನು ತೊಳೆಯಲೇಬೇಕು. "ಹೊರಗೆ ತಿಂದರಾಯಿತು" ಎನ್ನುವವರೂ ಇದ್ದಾರೆ. ನಾಲ್ಕೈದು ಜನ ಹೊರಗೆ ತಿಂದರೆ ಕೈ ಕಚ್ಚುತ್ತದೆ ಎಂಬುದು ನಿಜ. ಆದರೆ ಆ ಹಣ ಉಳಿಸುವ ಜಾಣತನಕ್ಕೆ ಎಲ್ಲರೂ ತಲೆದೂಗುತ್ತೀರಲ್ಲ, ಅದು ಉಳಿಯುವುದು ಯಾರ ನಿದ್ದೆಯಿಂದ? ಇನ್ನು ಮೂರನೆಯ ಮಾತು, "ಅವಳು ಇಷ್ಟಪಟ್ಟೇ ಮಾಡುತ್ತಾಳೆ." ಇದನ್ನು ಹೇಳುವವರು ಒಂದು ಸಲ ಐದು ಗಂಟೆಗೆ ಎದ್ದು ಇಷ್ಟಪಟ್ಟು ನೋಡಲಿ.

ಆ ಸೋಮವಾರ ನಾವು ಮೊದಲು ನೋಡಿದ್ದು ಸ್ಕಿಪ್ಟನ್ ಕೋಟೆ. ಒಳ ಅಂಗಳದಲ್ಲಿ ದೊಡ್ಡದೊಂದು ಯೂ ಮರವಿದೆ. ಅದನ್ನು 1659ರಲ್ಲಿ ನೆಡಿಸಿದವಳು ಲೇಡಿ ಆನ್ ಕ್ಲಿಫರ್ಡ್. ಅವಳ ಕತೆ ನಮ್ಮ ಹೆಂಗಸರೆಲ್ಲ ಕೇಳಬೇಕಾದದ್ದು. ಅದೇ ಕೋಟೆಯಲ್ಲಿ 1590ರಲ್ಲಿ ಹುಟ್ಟಿದಳು. ಬದುಕುಳಿದ ಒಬ್ಬಳೇ ಮಗಳು. ಹದಿನೈದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡ. ಆಸ್ತಿಯನ್ನೆಲ್ಲ ತನ್ನ ತಮ್ಮನ ಹೆಸರಿಗೆ ಬರೆದಿಟ್ಟಿದ್ದ. ಆನ್ ಒಪ್ಪಲಿಲ್ಲ. ರಾಜಿಯಾಗು ಎಂದು ಗಂಡ ಪೀಡಿಸಿದ, ಹೆತ್ತ ಮಗಳನ್ನೇ ಸ್ವಲ್ಪ ಕಾಲ ಅವಳಿಂದ ದೂರವಿಟ್ಟ. 1617ರಲ್ಲಿ ರಾಜ ಜೇಮ್ಸನೇ ಕರೆಸಿ ಹೇಳಿದರೂ ಅವಳು ಒಪ್ಪಿಗೆ ಕೊಡಲಿಲ್ಲ. ಕೊನೆಗೆ ಚಿಕ್ಕಪ್ಪನ ಮಗ ಗಂಡುಸಂತಾನವಿಲ್ಲದೆ ಸತ್ತಾಗ, 1643ರಲ್ಲಿ, ಆಸ್ತಿ ಅವಳ ಕೈಸೇರಿತು. ಮೂವತ್ತೆಂಟು ವರ್ಷ ಕಾದಿದ್ದಳು! ಅಂತರ್ಯುದ್ಧದ ಮುತ್ತಿಗೆಯ ನಂತರ ಹಾಳುಗೆಡವಿದ್ದ ಕೋಟೆಯನ್ನು ಮತ್ತೆ ಕಟ್ಟಿಸಿದಳು, ಅದು ಮುಗಿದ ಗುರುತಿಗೆ ಈ ಮರ.

ಅವಳು ಶ್ರೀಮಂತಳು, ಅಡಿಗೆಗೆ ಆಳುಗಳಿದ್ದರು, ನಮಗೂ ಅವಳಿಗೂ ಏನು ಹೋಲಿಕೆ ಎನ್ನಬಹುದು. ಹೋಲಿಕೆ ಇರುವುದು ಒಂದೇ ಕಡೆ. "ನಿನ್ನ ಪಾಲು ಇದರಲ್ಲಿಲ್ಲ, ಸುಮ್ಮನಿರು" ಎಂದು ಅಪ್ಪ, ಗಂಡ, ರಾಜ ಮೂವರೂ ಹೇಳಿದಾಗ ಅವಳು ಸುಮ್ಮನಿರಲಿಲ್ಲ. ನಮಗೆ ಅದನ್ನು ಯಾರೂ ಹೇಳಬೇಕಾಗಿಯೂ ಇಲ್ಲ. ನಾವೇ ಹೇಳಿಕೊಂಡು ಸುಮ್ಮನಾಗುತ್ತೇವೆ.

ಆ ಕತೆಯನ್ನು ನಾನು ಫಲಕದಲ್ಲಿ ಓದುತ್ತಿದ್ದಾಗ ಮಗಳು ಎಲ್ಲಿದ್ದಳು ಗೊತ್ತೇ? ಅಳಿಯ ಮಕ್ಕಳಿಗೆ ಸೆರೆಮನೆ ತೋರಿಸಲು ಹೋಗಿದ್ದ. ಇವಳು ಕಲ್ಲಿನ ಗೋಡೆಗೆ ಒರಗಿ, ಊಟದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕುಳಿತಲ್ಲೇ ನಿದ್ದೆ ಹೋಗಿದ್ದಳು. ಟಿಕೆಟ್ಟು ಕೊಂಡು ಒಳಗೆ ಹೋಗಿ ಅವಳು ಕೋಟೆಯಲ್ಲಿ ಕಂಡದ್ದು ಅಷ್ಟೆ.

ಅವಳನ್ನು ನೋಡುತ್ತಾ ನನಗೆ ನನ್ನದೇ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಮನೆಯವರೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದೆವು. ಬೆಳಗಿನ ಮೂರಕ್ಕೆ ಎದ್ದು ಹನ್ನೊಂದು ಜನಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಟಿದ್ದೆ. ಬೆಟ್ಟ ಹತ್ತುವಾಗ "ಸಾಮಾನು ನೋಡಿಕೊಳ್ಳೋಕೆ ಯಾರಾದರೂ ಇರಬೇಕಲ್ಲ" ಎಂದರು ಅತ್ತೆ. ಆ 'ಯಾರಾದರೂ' ಯಾರೆಂದು ಬಿಡಿಸಿ ಹೇಳಬೇಕೆ? ಎಲ್ಲರೂ ಗೊಮ್ಮಟನನ್ನು ನೋಡಿ ಬಂದರು. ನಾನು ಹನ್ನೊಂದು ಜೊತೆ ಚಪ್ಪಲಿ ನೋಡಿಕೊಂಡು ಬಂದೆ. ಅದನ್ನು ನಗುನಗುತ್ತಾ ಎಷ್ಟು ಸಲ ಈ ಮಗಳಿಗೆ ಹೇಳಿದ್ದೆನೋ! ಅವಳು ಅದನ್ನು ನಗುವ ಕತೆಯೆಂದು ಕೇಳಲಿಲ್ಲ, ಪಾಠವೆಂದು ಕಲಿತಿದ್ದಳು. ಅಷ್ಟೇಕೆ, ಅದೇ ಬೆಳಿಗ್ಗೆ ಅಳಿಯ ಕಣ್ಣುಜ್ಜಿಕೊಳ್ಳುತ್ತಾ ಅಡಿಗೆಮನೆಗೆ ಬಂದು "ನಾನೇನಾದರೂ ಮಾಡಲೇ?" ಎಂದಾಗ, "ಬೇಡಪ್ಪ, ನೀವು ಮಲಗಿಕೊಳ್ಳಿ, ಕಾರು ಓಡಿಸಬೇಕಲ್ಲ" ಎಂದವಳು ಯಾರು? ನಾನೇ! ಹಾಗಾಗಿ ಈ ಜಗಳದಲ್ಲಿ ಮೊದಲನೆಯ ಆರೋಪಿಯ ಕಟಕಟೆಯಲ್ಲಿ ನಾನೇ ನಿಲ್ಲುತ್ತೇನೆ.

ಇನ್ನೊಂದು ವಾರ ಹಾವರ್ತ್‌ಗೆ ಹೋದೆವು. ಬ್ರಾಂಟೆ ಸೋದರಿಯರು ಬರೆಯುತ್ತಿದ್ದ ಊಟದ ಕೋಣೆ ಅಲ್ಲಿದೆ. ಎಮಿಲಿ ಅಡಿಗೆಮನೆಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಲೇ ಪುಸ್ತಕವನ್ನು ತೆರೆದಿಟ್ಟುಕೊಂಡು ಜರ್ಮನ್ ಕಲಿಯುತ್ತಿದ್ದಳೆಂದು ಶಾರ್ಲಟ್‌ಳ ಜೀವನಚರಿತ್ರೆಯಲ್ಲಿ ಎಲಿಜಬೆತ್ ಗ್ಯಾಸ್ಕೆಲ್ 1857ರಲ್ಲಿ ಬರೆದಳು. ಇದನ್ನು ಕೇಳಿದವರೆಲ್ಲ "ಆಹಾ, ಎಂಥ ಹೆಣ್ಣು!" ಎನ್ನುತ್ತಾರೆ. ನಾನೂ ಎಂದೆ. ಆಮೇಲೆ ಯೋಚಿಸಿದೆ. ಎರಡು ಕೈಯಲ್ಲಿ ನಾಲ್ಕು ಕೆಲಸ ಮಾಡುವ ಹೆಣ್ಣನ್ನು ಹೊಗಳುವುದರಲ್ಲಿ ಜಗತ್ತು ಎಂದೂ ಜಿಪುಣತನ ಮಾಡಿಲ್ಲ. ಹಿಟ್ಟನ್ನು ಇನ್ನೊಬ್ಬರು ನಾದಿದ್ದರೆ ಅವಳು ಇನ್ನೇನು ಬರೆಯುತ್ತಿದ್ದಳೋ ಎಂದು ಕೇಳುವವರು ಕಡಿಮೆ. ಈ ಹೊಗಳಿಕೆಯೇ ನಮ್ಮನ್ನು ಕಟ್ಟಿಹಾಕಿರುವ ಹಗ್ಗ. "ಅಮ್ಮನ ಚಿತ್ರಾನ್ನ ಇಲ್ಲದೆ ಟ್ರಿಪ್ಪೇ ಅಲ್ಲ" ಎಂದು ಮಕ್ಕಳು ಅಂದರೆ ಸಾಕು, ನಾವು ಮುಂದಿನ ಸಲ ನಾಲ್ಕೂವರೆಗೇ ಏಳುತ್ತೇವೆ.

ಹೊರಡುವ ಮೊದಲಿನ ಶನಿವಾರ ಮಾಲಮ್ ನೋಡುವುದೆಂದು ಗೊತ್ತಾಯಿತು. ಹಿಂದಿನ ರಾತ್ರಿ ನಾನು ಬಾಯಿಬಿಟ್ಟು ಹೇಳಿದೆ: "ನಾಳೆ ಈ ಮನೆಯಲ್ಲಿ ಹೆಂಗಸರು ಒಲೆ ಹಚ್ಚುವುದಿಲ್ಲ. ಏಳೂವರೆಗೆ ಮೊದಲು ಏಳುವುದೂ ಇಲ್ಲ. ಬುತ್ತಿಯ ಜವಾಬ್ದಾರಿ ನಿಮ್ಮದಪ್ಪ." ಮಗಳು ಗಾಬರಿಯಾದಳು. ಅಳಿಯ ನಕ್ಕ, ಆಮೇಲೆ ನಾನು ನಗುತ್ತಿಲ್ಲವೆಂದು ನೋಡಿ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಅಡಿಗೆಮನೆಯ ಸದ್ದು ಕೇಳುತ್ತಿದ್ದರೂ ನಾವಿಬ್ಬರೂ ಹಾಸಿಗೆ ಬಿಡಲಿಲ್ಲ. ಅವಳನ್ನು ತಡೆಯುವುದಕ್ಕಿಂತ ನನ್ನನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಸಂತೆಯಿಂದ ಬ್ರೆಡ್ಡು, ಚೀಸು, ಟೊಮೇಟೊ, ಸೇಬು ತಂದು ಅವನೂ ಮಕ್ಕಳೂ ಸೇರಿ ಏನೋ ಕಟ್ಟಿಕೊಂಡರು. ಉಪ್ಪು ಮರೆತಿದ್ದರು. ಚಮಚ ಮರೆತಿದ್ದರು. ಯಾರೂ ಉಪವಾಸ ಬೀಳಲಿಲ್ಲ.

ಮಾಲಮ್ಮಿನ ಆ ಬಂಡೆಯ ಪಕ್ಕದಲ್ಲಿ ಮೇಲಕ್ಕೆ ಸುಮಾರು ನಾನೂರು ಮೆಟ್ಟಿಲು. ಚೀಲ ಹೊತ್ತವನು ಅಳಿಯ. ನನ್ನ ಮಂಡಿ ಬೇಡವೆಂದರೂ ನಾನು ಹತ್ತಿದೆ, ನಿಂತು ನಿಂತು ಹತ್ತಿದೆ. ಮೇಲೆ ಸೀಳುಸೀಳಾದ ಸುಣ್ಣಕಲ್ಲಿನ ಬಯಲು, ಕೆಳಗೆ ಕಲ್ಲುಗೋಡೆಗಳ ನಡುವೆ ಹಸಿರು ಹೊಲಗಳು, ಕುರಿಗಳು. ಮಗಳು ಬಹಳ ಹೊತ್ತು ಏನೂ ಮಾತನಾಡದೆ ನೋಡುತ್ತಾ ನಿಂತಿದ್ದಳು. ಆಮೇಲೆ, "ಇಲ್ಲಿಗೆ ಇದು ನಾಲ್ಕನೇ ಸಲ ಬರ್ತಿರೋದು ಅಮ್ಮ. ಮೇಲಕ್ಕೆ ಬಂದದ್ದು ಇದೇ ಮೊದಲು" ಎಂದಳು.

ಅಪ್ಪಂದಿರನ್ನು ಬೈಯುವುದಕ್ಕೆ ನಾನು ಇದನ್ನು ಬರೆದಿಲ್ಲ. 'ಸಹಾಯ' ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಸಹಾಯವೆಂದರೆ ಕೆಲಸ ಅವಳದೇ, ಇವನು ಉಪಕಾರ ಮಾಡುತ್ತಿದ್ದಾನೆ ಎಂದರ್ಥ. ರಜೆ ಕುಟುಂಬದ್ದಾದರೆ ಅದರ ಹೊರೆಯೂ ಕುಟುಂಬದ್ದು, ಪಾಲು ಮಾಡಿಕೊಳ್ಳಿ. ಒಂದು ಪ್ರವಾಸಕ್ಕೆ ಅವಳು ಕಟ್ಟಿದರೆ ಇನ್ನೊಂದಕ್ಕೆ ಅವನು ಕಟ್ಟಲಿ. ಅವನು ಕಟ್ಟಿದ ಬುತ್ತಿಯಲ್ಲಿ ಉಪ್ಪಿಲ್ಲವೆಂದು ಅತ್ತೆಯರು, ಅಮ್ಮಂದಿರು, ನಾವು, ಬಾಯಿ ತೆರೆಯದಿರೋಣ. ಸಾಮಾನು ಕಾಯಲು ಒಬ್ಬರು ಇರಲೇಬೇಕಾದರೆ ಸರದಿಯಲ್ಲಿ ಕಾಯಲಿ.

ಊರಿಗೆ ಬಂದ ಮೇಲೆ ಮನೆಯವರಿಗೆ ಹೇಳಿದ್ದೇನೆ, ಮತ್ತೊಮ್ಮೆ ಬೆಳಗೊಳಕ್ಕೆ ಹೋಗಬೇಕೆಂದು. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ನಿನ್ನ ಮಂಡಿಗೆ ಆಗುತ್ತದೆಯೇ ಎಂದು ಕೇಳಿದರು. ಹತ್ತುವುದು ನನ್ನ ಕೆಲಸ, ಮೊಸರನ್ನ ಕಲಸುವುದು ನಿಮ್ಮದು ಎಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಾನು ಕಾಯುತ್ತೇನೆ. ಆದರೆ ಈ ಸಲ ಚಪ್ಪಲಿಯನ್ನಂತೂ ಕಾಯುವುದಿಲ್ಲ.