ಹೆಚ್ಚಿಗೆ ಟನ್ ಬೇಕೇ? ಗಾಳಿಚೀಲ ಹಾಕಿಸಿ!

ರಸ್ತೆ ಹಾಳಾದರೆ ನಾವು ಬೈಯೋದು ಇಬ್ಬರನ್ನು. ಒಂದು ಕಂಟ್ರಾಕ್ಟರು, ಇನ್ನೊಂದು ಮಳೆ. ಬೈಗುಳ ಇಬ್ಬರಿಗೂ ಸಲ್ಲಬೇಕಾದದ್ದೇ, ಬೇಡ ಅನ್ನೋಲ್ಲ. ಆದರೆ ಮೂರನೇ ಪಾಲುದಾರನೊಬ್ಬನಿದ್ದಾನೆ, ಅವನ ಹೆಸರನ್ನು ಯಾರೂ ಎತ್ತೋದಿಲ್ಲ. ಲಾರಿಯ ಆಕ್ಸಲ್ ಮೇಲೆ ಕೂತಿರುವ ಭಾರ!

ವಿಮಾನ ನಗರದಲ್ಲಿರುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ನಗರ್ ರೋಡಿಗೆ ಬಂದು ನಿಂತರೆ ಸಾಕು. ವಾಘೋಲಿ ಕಡೆಯಿಂದ ಖಡಿ (ನಮ್ಮೂರಿನ ಜಲ್ಲಿ ಕಣ್ರೀ) ತುಂಬಿದ ಲಾರಿಗಳು, ರಾಂಜಣಗಾಂವ್ ಕಾರ್ಖಾನೆಗಳ ಕಡೆ ಹೋಗುವ ಟ್ರೇಲರ್‌ಗಳು. ಅವು ಬ್ರೇಕ್ ಹಾಕಿ ನಿಲ್ಲುವ ಸಿಗ್ನಲ್ ಹತ್ತಿರ ಡಾಂಬರು ಅಲೆಅಲೆಯಾಗಿ ಉಬ್ಬಿರುತ್ತೆ. ಮಳೆಗಾಲದಲ್ಲಿ ಅದರ ಮೇಲೆ ಜಾರಿ ಬೀಳೋರು ಲಾರಿಯವರಲ್ಲ, ಹಿಂದೆ ಬರುವ ಸ್ಕೂಟರಿನವರು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ನಾವು ದಿನಾ ನೋಡುವ ಹತ್ತು ಚಕ್ರದ ಲಾರಿಯನ್ನೇ ತಗೊಳ್ಳಿ. ಅದರ ಒಟ್ಟು ತೂಕ 25 ಟನ್ ಇದ್ದದ್ದು 28.5 ಆಯ್ತು, ಹಿಂದಿನ ಜೋಡಿ ಆಕ್ಸಲ್ಲಿನ ಮಿತಿ 19ರಿಂದ 21ಕ್ಕೆ ಹೋಯ್ತು. ಎರಡೇ ಟನ್ ತಾನೇ ಅಂತೀರಾ? 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ರಸ್ತೆ ಹಾಕಿ, ಅದರ ಮೇಲೆ ಲಾರಿ ಓಡಿಸಿ ಓಡಿಸಿ ನೋಡಿದರು. ಆಕ್ಸಲ್ ಭಾರ ಎರಡು ಪಟ್ಟಾದರೆ ರಸ್ತೆಯ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಅಂತ ಅಲ್ಲಿಂದ ಗೊತ್ತಾಯ್ತು. ಆ ಲೆಕ್ಕ ಹಿಡಿದರೆ 19ರಿಂದ 21ಕ್ಕೆ ಏರಿದ್ದು ಅಂದರೆ ರಸ್ತೆಗೆ ಒಂದೂವರೆ ಪಟ್ಟು ಪೆಟ್ಟು.

"ಟ್ರಿಪ್ಪು ಕಮ್ಮಿಯಾಗುತ್ತಲ್ಲ, ಡೀಸೆಲ್ ಉಳಿಯುತ್ತಲ್ಲ" ಅನ್ನೋರಿದ್ದಾರೆ. ಸರಿ, ಅದನ್ನೂ ನೋಡೋಣ. ಖಾಲಿ ಲಾರಿ ಹತ್ತು ಟನ್ ಅಂತಿಟ್ಟುಕೊಂಡರೆ ಮೊದಲು 15 ಟನ್ ಮಾಲು, ಈಗ 18.5. ಐದು ಟ್ರಿಪ್ಪಿನ ಕೆಲಸ ನಾಲ್ಕರಲ್ಲಿ ಮುಗಿಯುತ್ತೆ, ನಿಜ. ಆದರೆ ಮೊದಲು ಐದು ಪೆಟ್ಟು ತಿನ್ನುತ್ತಿದ್ದ ರಸ್ತೆ ಈಗ ನಾಲ್ಕು ಗುಣಿಸು ಒಂದೂವರೆ, ಅಂದರೆ ಆರು ಪೆಟ್ಟು ತಿನ್ನುತ್ತೆ. ಲಾಭ ಲಾರಿ ಕಂಪನಿಗೆ, ಆರನೇ ಪೆಟ್ಟಿನ ಖರ್ಚು ತೆರಿಗೆ ಕಟ್ಟುವ ನಮಗೆ.

ಈಗ ಯುರೋಪಿನ ಕಡೆ ನೋಡಿ. ಅಲ್ಲಿ ಎಂಜಿನ್ನು ತಿರುಗಿಸುವ ಜೋಡಿ ಆಕ್ಸಲ್ಲಿಗೆ ಮಿತಿ 18 ಟನ್. ಡಬಲ್ ಟೈರ್ ಜೊತೆಗೆ ಏರ್ ಸಸ್ಪೆನ್ಷನ್, ಅಥವಾ ಅದಕ್ಕೆ ಸಮವಾದದ್ದು ಇದ್ದರೆ 19. ಹೆಚ್ಚಿನ ಒಂದು ಟನ್ ಪುಕ್ಕಟೆ ಸಿಗೋದಿಲ್ಲ, ರಸ್ತೆಗೆ ಮೃದುವಾಗಿ ನಡೆದುಕೊಂಡರೆ ಮಾತ್ರ ಸಿಗುತ್ತೆ. ನಾವೋ, ಕಬ್ಬಿಣದ ಕಮಾನುಪಟ್ಟಿಯ ಲಾರಿಗೂ 21 ಕೊಟ್ಟು ಕೈತೊಳೆದುಕೊಂಡೆವು.

ಏರ್ ಸಸ್ಪೆನ್ಷನ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಬೆಂಗಳೂರಿಗೆ ವೋಲ್ವೋದಲ್ಲಿ ಹೋಗುವಾಗ ನಿಮಗೆ ನಿದ್ದೆ ಬರಿಸೋದು ಅದೇ. ಪಟ್ಟಿಯ ಬದಲು ಗಾಳಿ ತುಂಬಿದ ರಬ್ಬರ್ ಚೀಲ. ಗುಂಡಿಗೆ ಇಳಿದ ಚಕ್ರ ಮೇಲೆದ್ದು ರಸ್ತೆಯನ್ನು ಸುತ್ತಿಗೆಯಂತೆ ಕುಟ್ಟುವುದು ಕಮ್ಮಿಯಾಗುತ್ತೆ. ಜೋಡಿ ಆಕ್ಸಲ್ಲುಗಳ ಮಧ್ಯೆ ಭಾರ ಸಮನಾಗಿ ಹಂಚಿಹೋಗುತ್ತೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು, ಚೀಲದೊಳಗಿನ ಗಾಳಿಯ ಒತ್ತಡದಿಂದ ಆಕ್ಸಲ್ ಮೇಲೆ ಎಷ್ಟು ಭಾರವಿದೆ ಅಂತ ಡ್ರೈವರಿಗೆ ಕ್ಯಾಬಿನ್ನಿನಲ್ಲೇ ತೋರಿಸಬಹುದು.

ಹಾಗಂತ ಗಾಳಿಚೀಲ ಭಾರವನ್ನು ನುಂಗಿಬಿಡೋದಿಲ್ಲ. ಇಪ್ಪತ್ತೊಂದು ಟನ್ ಇಪ್ಪತ್ತೊಂದೇ. ಅದರ ಜೊತೆಗಿರುವ ಶಾಕ್ ಅಬ್ಸಾರ್ಬರ್ ಸವೆದರೆ ಪಟ್ಟಿಗಿಂತ ಕಡೆ. ಆದ್ದರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವಾಗ ಅದನ್ನೂ ಪರೀಕ್ಷೆ ಮಾಡಬೇಕು. ಖರ್ಚು ಜಾಸ್ತಿ, ಹಳ್ಳಿ ಗ್ಯಾರೇಜಿನಲ್ಲಿ ರಿಪೇರಿ ಕಷ್ಟ ಅನ್ನೋದು ಒಪ್ಪುವ ಮಾತು. ಹಾಗಾಗಿ ಎಲ್ಲರಿಗೂ ಕಡ್ಡಾಯ ಮಾಡಿ ಅಂತ ನಾನು ಹೇಳ್ತಿಲ್ಲ. ಹೆಚ್ಚಿನ ಟನ್ ಬೇಕಾದವರು ಹಾಕಿಸಿಕೊಳ್ಳಲಿ, ಬೇಡದವರು ಹಳೇ ಮಿತಿಯಲ್ಲೇ ಇರಲಿ.

ಮಿತಿ ಮೀರಿದ ಭಾರದ ಫಲ ಏನು ಅಂತ ಕನ್ನಡಿಗರಿಗೆ ಬೇರೆಯವರು ಹೇಳಬೇಕೇ? ಬಳ್ಳಾರಿ-ಹೊಸಪೇಟೆಯ ಅದಿರು ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೆಕೇರಿಗೆ ಹೋಗುತ್ತಿದ್ದ ಕಾಲದಲ್ಲಿ ಆ ರಸ್ತೆಯ ಗತಿ ಏನಾಗಿತ್ತು ಅಂತ ಉತ್ತರ ಕನ್ನಡದವರನ್ನು ಕೇಳಿ. ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿಯಲ್ಲೂ ಓವರ್‌ಲೋಡ್ ವಿಷಯ ಬಂದಿದೆ. ರಾಜ್ಯಗಳು ಕಾರ್ಡು, ಟೋಕನ್ನು ಕೊಟ್ಟು ಓವರ್‌ಲೋಡಿಗೆ ಪರವಾನಗಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟು 2005ರಲ್ಲೇ ಹೇಳಿತ್ತು. ಕೇಳಿದವರು ಯಾರು?

2019ರಿಂದ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಬಿಟ್ಟವನೂ ತಪ್ಪಿತಸ್ಥ ಅನ್ನುತ್ತೆ ಕಾನೂನು. ಆದರೆ ರಸ್ತೆ ಮಧ್ಯೆ ಕೈ ಅಡ್ಡ ಹಾಕಿದಾಗ ಸಿಕ್ಕಿಬೀಳೋದು ಸ್ಟೀರಿಂಗ್ ಹಿಡಿದವನೇ ತಾನೇ? ನಗರ್ ರೋಡಿನ ಚಹಾದಂಗಡಿಯಲ್ಲಿ ನಿಂತರೆ ವಿಜಾಪುರ, ಗುಲ್ಬರ್ಗಾ ಕಡೆಯ ಕನ್ನಡ ಕಿವಿಗೆ ಬೀಳುತ್ತೆ. ಆ ಡ್ರೈವರ್ ಹುಡುಗರಿಗೆ ಹಿಂದೆ ಎಷ್ಟು ತುಂಬಿದ್ದಾರೆ ಅಂತ ಕೇಳುವ ಧೈರ್ಯವೂ ಇರೋದಿಲ್ಲ, ಅಳೆಯುವ ದಾರಿಯೂ ಇರೋದಿಲ್ಲ. ತೂಕ ಮಾಡಬೇಕಾದ್ದು ಕ್ರಷರಿನ ಗೇಟಿನಲ್ಲಿ. ಚೀಟಿಯ ಮೇಲೆ ತುಂಬಿಸಿದವನ ಸಹಿ ಇರಲಿ, ದಂಡವೂ ಅವನಿಗೇ ಬೀಳಲಿ.

ಇನ್ನೊಂದು ಸಲ ಸಿಗ್ನಲ್ಲಿನಲ್ಲಿ ಲಾರಿ ಪಕ್ಕದಲ್ಲಿ ನಿಂತಾಗ ಚಕ್ರದ ಹಿಂದೆ ಸ್ವಲ್ಪ ಬಗ್ಗಿ ನೋಡಿ. ಪಟ್ಟಿಯೋ, ಚೀಲವೋ? ನಿಮ್ಮೂರಿನ ರಸ್ತೆಯ ಕಥೆ ಏನು, ನೀವೂ ಹೇಳಿ.