ಇಟಾಲಿಯನ್ ಕ್ರಿಯಾಪದ: ಬಿಡಿಸಿ ಓದಿದರೆ ಧಾತು ಸಿಗುತ್ತದೆಯೇ?

ಇಟಾಲಿಯನ್ ಕಲಿಯಲು ಹೊರಟವರಲ್ಲಿ ಒಂದು ನಂಬಿಕೆ ಬೇಗನೆ ಬೇರೂರುತ್ತದೆ. ಇದು ಬರೆದಂತೆ ಓದುವ ಭಾಷೆ. ಪದವನ್ನು ಬಿಡಿಸಿ ಉಚ್ಚರಿಸಿದರೆ ಅದರ ಮೂಲವೂ ಕೈಗೆ ಸಿಗುತ್ತದೆ ಎಂಬುದು ಆ ನಂಬಿಕೆ. ಮೊದಲ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ತಪ್ಪು ತಿಳಿವಳಿಕೆ.

ಬಾಯಿ ಒಡೆಯುವುದು ಒಂದು ಕಡೆ, ವ್ಯಾಕರಣ ಇನ್ನೊಂದು ಕಡೆ

‘ಪರ್ಲಾರೆ’ ಎಂದರೆ ಮಾತನಾಡುವುದು. ಉಚ್ಚಾರಾಂಶಗಳಾಗಿ ಬಿಡಿಸಿದರೆ ಅದು ಪರ್-ಲಾ-ರೆ. ಆದರೆ ಧಾತು ‘ಪರ್ಲ್’, ಪ್ರತ್ಯಯ ‘ಆರೆ’. ಅಂದರೆ ‘ಲಾ’ ಎಂಬ ಒಂದೇ ತುಣುಕಿನಲ್ಲಿ ವ್ಯಂಜನ ಧಾತುವಿನದು, ಸ್ವರ ಪ್ರತ್ಯಯದ್ದು. ಕನ್ನಡದ ‘ಮಾಡಿ’ಯೂ ಹೀಗೆಯೇ: ‘ಡಿ’ಯೊಳಗಿನ ‘ಡ್’ ಧಾತುವಿನಿಂದ ಬಂದದ್ದು, ‘ಇ’ ಪ್ರತ್ಯಯ.

ಉಚ್ಚಾರಾಂಶದ ನಿಯಮಗಳಿಗೆ ಅರ್ಥದ ಹಂಗಿಲ್ಲ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರಕ್ಕೆ ಹೋಗುತ್ತದೆ. ಇಮ್ಮಡಿ ವ್ಯಂಜನ ಎರಡು ಪಾಲಾಗುತ್ತದೆ: ‘ಮೆತ್ತೆರೆ’ (ಇಡುವುದು) ಮೆತ್-ತೆ-ರೆ ಆಗುತ್ತದೆ, ಅದರ ಧಾತು ಮಾತ್ರ ‘ಮೆತ್ತ್’. ‘ಸ್’ ನಂತರ ಬೇರೆ ವ್ಯಂಜನ ಬಂದರೆ ಎರಡೂ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ: ‘ಕಪಿಸ್ಕೊ’ (ನನಗೆ ಅರ್ಥವಾಗುತ್ತದೆ) ಎಂಬುದು ಕ-ಪಿ-ಸ್ಕೊ. ಇದರ ಧಾತು ‘ಕಪ್’. ಕೊನೆಯ ‘ಒ’ ‘ನಾನು’ ಎಂದು ಸೂಚಿಸುತ್ತದೆ. ನಡುವಿನ ‘ಇಸ್ಕ್’ ಕೆಲವು ಕ್ರಿಯಾಪದಗಳಲ್ಲಿ ಮಾತ್ರ ಬಂದು ಸೇರುವ ತುಂಡು.

ಒಂದೇ ಬರಹ, ಎರಡು ಧಾತು

ಈ ವ್ಯತ್ಯಾಸ ತಿಳಿಯದಿದ್ದರೆ ಅರ್ಥವೇ ಕೆಡಬಹುದು. ಕ-ಪಿ-ತೊ ಎಂಬ ಮೂರು ಉಚ್ಚಾರಾಂಶಗಳನ್ನು ನೋಡಿ. ದನಿಯ ಒತ್ತು ‘ಪಿ’ ಮೇಲೆ ಬಿದ್ದರೆ ‘ಅರ್ಥವಾಯಿತು’ ಎಂದಾಗುತ್ತದೆ, ಧಾತು ‘ಕಪ್’. ‘ಕ’ ಮೇಲೆ ಬಿದ್ದರೆ ‘ನಾನು ಅಚಾನಕ್ಕಾಗಿ ಬಂದು ಸೇರುತ್ತೇನೆ’ ಎಂದು. ಆಗ ಧಾತು ‘ಕಪಿತ್’. ಕೊನೆಯ ‘ತೊ’ ಮೇಲೆ ಬಿದ್ದರೆ ಅದೇ ‘ಕಪಿತ್’ ಧಾತುವಿನ ಭೂತಕಾಲ: ‘ಸಂಭವಿಸಿತು’. ಸಾಮಾನ್ಯ ಬರವಣಿಗೆಯಲ್ಲಿ ಒತ್ತಿನ ಗುರುತು ಹಾಕುವುದು ಮೂರನೆಯದಕ್ಕೆ ಮಾತ್ರ. ಮೊದಲೆರಡನ್ನು ಸಂದರ್ಭ ನೋಡಿಯೇ ತಿಳಿಯಬೇಕು.

ಒತ್ತು ಯಾವಾಗಲೂ ಕೊನೆಯಿಂದ ಎರಡನೆಯದಕ್ಕೇ?

ಇದೂ ಅರ್ಧ ಸತ್ಯ. ಹೆಚ್ಚಿನ ಪದಗಳಲ್ಲಿ ಹಾಗೆ ಇರುವುದರಿಂದ ಕಲಿಯುವವರು ‘ಪರ್ಲನೊ’ (ಅವರು ಮಾತನಾಡುತ್ತಾರೆ) ಎಂಬಲ್ಲಿ ‘ಲ’ವನ್ನು ಒತ್ತುತ್ತಾರೆ. ಸರಿಯಾದ ಒತ್ತು ‘ಪರ್’ ಮೇಲೆ. ವರ್ತಮಾನಕಾಲದಲ್ಲಿ ‘ನಾನು’ ರೂಪದಲ್ಲಿ ಒತ್ತು ಎಲ್ಲಿದೆಯೋ ‘ಅವರು’ ರೂಪದಲ್ಲೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ‘ಪರ್ಲೊ’ (ನಾನು ಮಾತನಾಡುತ್ತೇನೆ) ಗೊತ್ತಿದ್ದರೆ ‘ಪರ್ಲನೊ’ ತಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಉಚ್ಚಾರಣೆಗೆ, ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕೆ ಉಚ್ಚಾರಾಂಶ ನೋಡಿ. ಅರ್ಥಕ್ಕೆ ನಿಘಂಟಿನ ರೂಪದಿಂದ ‘ಆರೆ’, ‘ಎರೆ’ ಅಥವಾ ‘ಈರೆ’ ತೆಗೆದು ಧಾತು ಹುಡುಕಿ. ಹೊಸ ಕ್ರಿಯಾಪದ ಕಲಿಯುವಾಗ ಅದರ ‘ನಾನು’ ರೂಪವನ್ನೂ ಒತ್ತಿನ ಸಮೇತ ಗಟ್ಟಿಯಾಗಿ ಹೇಳಿಕೊಳ್ಳಿ.